ಅಡಿಕೆ ಬೆಳೆಗಾರನ ಪ್ಯಾನ್‌ನಲ್ಲಿ ದೆಹಲಿಯ ಗುಜರಿ ಅಂಗಡಿ: ನೋಟಿಸ್ ಬಂದವರು ಏನು ಮಾಡಬೇಕು?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಇದೆ. ಬೇರೆ ವರಮಾನ ಇಲ್ಲ, ಆದಾಯ ತೆರಿಗೆ ರಿಟರ್ನ್ ಯಾವತ್ತೂ ಹಾಕಿಲ್ಲ. ಕೆಲವು ತಿಂಗಳಿಂದ ಹೆಂಡತಿಯ ಗೃಹಲಕ್ಷ್ಮಿ ಹಣ ನಿಂತಿದೆ. ವಿಚಾರಿಸಿದರೆ ‘ಯಜಮಾನರು ಜಿಎಸ್‌ಟಿ ಕಟ್ಟುವವರು ಅಂತ ತೋರಿಸ್ತಿದೆ’ ಎಂದರು. ಈಗ ಆದಾಯ ತೆರಿಗೆ ಇಲಾಖೆಯಿಂದ 148ಎ ನೋಟಿಸ್ (ಹಳೆಯ ವರ್ಷದ ಲೆಕ್ಕವನ್ನು ಮತ್ತೆ ತೆರೆಯುವ ಮೊದಲು ವಿವರಣೆ ಕೇಳುವ ನೋಟಿಸ್) ಬಂದಿದೆ. 2021-22ರಲ್ಲಿ ನಾನು ದೆಹಲಿಯಲ್ಲಿ ಕಬ್ಬಿಣದ ಗುಜರಿ ವ್ಯಾಪಾರದಲ್ಲಿ 1 ಕೋಟಿ 86 ಲಕ್ಷ ರೂಪಾಯಿ ವಹಿವಾಟು ಮಾಡಿದ್ದೇನಂತೆ. ನಾನು ದೆಹಲಿ ನೋಡಿಲ್ಲ. ಪರಿಚಯದವರೊಬ್ಬರು ‘ಕೋರ್ಟು ಕಚೇರಿ ಯಾಕೆ, ಸ್ವಲ್ಪ ಲಾಭ ತೋರಿಸಿ ತೆರಿಗೆ ಕಟ್ಟಿ ಮುಗಿಸಿ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕಟ್ಟಬೇಡಿ. ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ನಿಮ್ಮ ಪರಿಚಯದವರು ಹೇಳುತ್ತಿರುವ ದಾರಿ ಯಾವುದೆಂದು ಗೊತ್ತು. ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಡಿ ವಹಿವಾಟಿನ ಶೇ 6 ಅಥವಾ ಶೇ 8ರಷ್ಟನ್ನು ಲಾಭವೆಂದು ತೋರಿಸಬಹುದು. 1.86 ಕೋಟಿಗೆ ಶೇ 8 ಎಂದರೆ 14 ಲಕ್ಷ 88 ಸಾವಿರ. ಅದರ ಮೇಲಿನ ತೆರಿಗೆ ಕಟ್ಟಿದರೆ ಈ ನೋಟಿಸ್ ಮುಗಿಯಬಹುದು. ಆದರೆ ಕಟ್ಟಿದ ಗಳಿಗೆಯಲ್ಲೇ ಆ ಅಂಗಡಿ ನನ್ನದು ಎಂದು ನೀವೇ ಬರೆದುಕೊಟ್ಟಂತಾಗುತ್ತದೆ. ಆಮೇಲೆ ಜಿಎಸ್‌ಟಿ ಇಲಾಖೆ ಬರುತ್ತದೆ. ಕಬ್ಬಿಣದ ಗುಜರಿಗೆ ಜಿಎಸ್‌ಟಿ ಶೇ 18. 1.86 ಕೋಟಿಗೆ ಅದು 33 ಲಕ್ಷ 48 ಸಾವಿರ ರೂಪಾಯಿ. ಸರಕಿಲ್ಲದೆ ಬಿಲ್ ಕೊಟ್ಟದ್ದು ಎಂದು ತೀರ್ಮಾನವಾದರೆ ಅಷ್ಟೇ ಮೊತ್ತದ ದಂಡವೂ ಬೀಳುತ್ತದೆ, ಬಡ್ಡಿ ಬೇರೆ. ಅಲ್ಲಿ ಹೋಗಿ ‘ನನ್ನದಲ್ಲ’ ಎಂದರೆ ನಿಮ್ಮದೇ ರಿಟರ್ನನ್ನು ತೆಗೆದು ನಿಮ್ಮ ಮುಂದೆ ಇಡುತ್ತಾರೆ.

ನಡೆದಿರುವುದು ಬಹುಮಟ್ಟಿಗೆ ಇಷ್ಟು. ನಿಮ್ಮ ಪ್ಯಾನ್, ಆಧಾರ್, ಒಂದು ಫೋಟೊ ಯಾರದೋ ಕೈಗೆ ಸಿಕ್ಕಿವೆ. ಅದರಲ್ಲಿ ದೆಹಲಿಯ ಯಾವುದೋ ವಿಳಾಸಕ್ಕೆ ಜಿಎಸ್‌ಟಿ ನೋಂದಣಿ ಮಾಡಿಸಿದ್ದಾರೆ. ಅಂಥ ಅಂಗಡಿಯಲ್ಲಿ ಸರಕು ಇರುವುದಿಲ್ಲ, ಬಿಲ್ ಮಾತ್ರ ಇರುತ್ತದೆ. ಆ ಬಿಲ್ ಕೊಂಡವರು ‘ತೆರಿಗೆ ಕಟ್ಟಿಯೇ ಮಾಲು ಕೊಂಡಿದ್ದೇವೆ’ ಎಂದು ತೋರಿಸಿ ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಆ ಮೊತ್ತವನ್ನು ಕಳೆದುಕೊಳ್ಳುತ್ತಾರೆ. ಕೆಲವು ತಿಂಗಳಲ್ಲಿ ಅಂಗಡಿ ಮಾಯವಾಗುತ್ತದೆ. ಅಷ್ಟರೊಳಗೆ ಸಲ್ಲಿಸಿದ ಜಿಎಸ್‌ಟಿ ರಿಟರ್ನಿನ ಅಂಕಿಗಳು ಪ್ಯಾನ್ ಮೂಲಕ ಆದಾಯ ತೆರಿಗೆ ಇಲಾಖೆಗೆ ಹೋಗಿರುತ್ತವೆ. ಅಲ್ಲಿ ನಿಮ್ಮ ಹೆಸರಿನಲ್ಲಿ ರಿಟರ್ನ್ ಇಲ್ಲ. ಕೋಟಿ ದಾಟಿದ ವಹಿವಾಟು, ರಿಟರ್ನ್ ಶೂನ್ಯ: ನೋಟಿಸ್ ಹುಟ್ಟುವುದು ಇಲ್ಲಿ. ತಪ್ಪಿಸಿಕೊಂಡ ಆದಾಯ 50 ಲಕ್ಷ ಮೀರಿದೆ ಎಂದು ಇಲಾಖೆಗೆ ಕಂಡರೆ ಐದು ವರ್ಷ ಮೂರು ತಿಂಗಳವರೆಗೂ ಹಳೆಯ ಲೆಕ್ಕ ತೆರೆಯಬಹುದು. ಅದಕ್ಕೇ 2021-22 ಈಗ ಬಾಗಿಲಿಗೆ ಬಂದಿದೆ. ಆದಾಯ ತೆರಿಗೆ ಕಾಯ್ದೆ 2025 ಜಾರಿಯಾಗುವುದು 2026ರ ಏಪ್ರಿಲ್ 1ರಿಂದ. ನಿಮ್ಮ ಸಾಲಿನ ಲೆಕ್ಕಕ್ಕೆ 1961ರ ಹಳೆಯ ಕಾಯ್ದೆಯೇ ಅನ್ವಯ, ಹಾಗಾಗಿ ಇಲ್ಲಿ ಹೇಳುವ ಆದಾಯ ತೆರಿಗೆಯ ಕಲಮುಗಳೆಲ್ಲ ಅದರವು.

ಆದ್ದರಿಂದ ರೋಗ ಇರುವುದು ಜಿಎಸ್‌ಟಿ ನೋಂದಣಿಯಲ್ಲಿ, ಆದಾಯ ತೆರಿಗೆ ನೋಟಿಸ್ ಅದರ ಜ್ವರ ಮಾತ್ರ. ಜ್ವರಕ್ಕೆ ಗಡುವಿನೊಳಗೆ ಮದ್ದು ಕೊಡಲೇಬೇಕು. ನೋಂದಣಿ ರದ್ದಾಗದಿದ್ದರೆ ಮಾತ್ರ ಇದೇ ನೋಟಿಸ್ ಮುಂದಿನ ಸಾಲಿಗೂ ಬರುತ್ತದೆ.

ಮೊದಲು ನೋಟಿಸ್ ಅಸಲಿಯೋ ಎಂದು ನೋಡಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಲ್ಲಿ ಡಿಐಎನ್ ಎಂಬ ಗುರುತು ಸಂಖ್ಯೆ ಕಡ್ಡಾಯ. ಇ-ಫೈಲಿಂಗ್ ಪೋರ್ಟಲ್‌ನ ಮೊದಲ ಪುಟದಲ್ಲೇ ‘ಅಥೆಂಟಿಕೇಟ್ ನೋಟಿಸ್’ ಎಂಬ ಜಾಗವಿದೆ. ಲಾಗಿನ್ ಇಲ್ಲದೆಯೇ ಅಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಆಮೇಲೆ ನಿಮ್ಮ ಪ್ಯಾನ್‌ನಿಂದ ಅದೇ ಪೋರ್ಟಲ್‌ನಲ್ಲಿ ಖಾತೆ ತೆರೆಯಿರಿ. ರಿಟರ್ನ್ ಹಾಕದವರಿಗೂ ಇದು ಸಾಧ್ಯ. ಖಾತೆ ಈಗಾಗಲೇ ಇದೆ ಎಂದು ಬಂದರೆ ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಬದಲಿಸಿ ಒಳಹೋಗಿ, ಪ್ರೊಫೈಲ್‌ನಲ್ಲಿ ಯಾರ ಮೊಬೈಲ್, ಯಾರ ಇಮೇಲ್ ಇದೆ ನೋಡಿ. ಬೇರೆಯವರದಿದ್ದರೆ ಬದಲಿಸುವ ಮೊದಲು ಆ ಪುಟದ ಚಿತ್ರ ತೆಗೆದಿಡಿ. ಮುಂದೆ ಅದೇ ಒಂದು ಸಾಕ್ಷಿಯಾಗುತ್ತದೆ.

ಇನ್ನು ಜಿಎಸ್‌ಟಿ ಪೋರ್ಟಲ್. ‘ಸರ್ಚ್ ಟ್ಯಾಕ್ಸ್‌ಪೇಯರ್’ ಅಡಿಯಲ್ಲಿ ‘ಸರ್ಚ್ ಬೈ ಪ್ಯಾನ್’ ಇದೆ, ಇದಕ್ಕೂ ಲಾಗಿನ್ ಬೇಡ. ನಿಮ್ಮ ಪ್ಯಾನ್ ಹಾಕಿದರೆ ಅದರ ಮೇಲೆ ದೇಶದಲ್ಲಿ ಎಲ್ಲೆಲ್ಲಿ ನೋಂದಣಿ ಆಗಿದೆಯೋ ಎಲ್ಲ ಬರುತ್ತದೆ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದವು (ಕರ್ನಾಟಕಕ್ಕೆ 29, ದೆಹಲಿಗೆ 07, ಮಹಾರಾಷ್ಟ್ರಕ್ಕೆ 27), ಮುಂದಿನ ಹತ್ತು ನಿಮ್ಮ ಪ್ಯಾನ್. ದೆಹಲಿಯದೊಂದೇ ಇದೆ ಎಂದುಕೊಳ್ಳಬೇಡಿ. ಒಂದು ಪ್ಯಾನ್ ಸಿಕ್ಕವರು ಎರಡು ಮೂರು ರಾಜ್ಯಗಳಲ್ಲಿ ಅಂಗಡಿ ತೆರೆಯಬಹುದು. ಪ್ರತಿ ಸಂಖ್ಯೆಯನ್ನೂ ಒತ್ತಿ ನೋಡಿ: ಅಂಗಡಿಯ ಹೆಸರು, ವಿಳಾಸ, ನೋಂದಣಿಯ ದಿನಾಂಕ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಯಾವ ಅಧಿಕಾರಿಯ ವ್ಯಾಪ್ತಿ, ಯಾವ ತಿಂಗಳ ರಿಟರ್ನ್ ಯಾವತ್ತು ಸಲ್ಲಿಕೆಯಾಗಿದೆ. ಎಲ್ಲ ಪುಟಗಳನ್ನೂ ಅದೇ ದಿನ ಪ್ರಿಂಟ್ ತೆಗೆಸಿ ದಿನಾಂಕ ಬರೆದಿಡಿ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಆ ನೋಂದಣಿಯ ಮಾಲೀಕರಾಗಿ ಲಾಗಿನ್ ಪಡೆದು, ಬಾಕಿ ರಿಟರ್ನ್‌ಗಳನ್ನು ಶೂನ್ಯವೆಂದು ಹಾಕಿ, ನೀವೇ ರದ್ದತಿಗೆ ಅರ್ಜಿ ಕೊಡುವ ಸಲಹೆ ಬರಬಹುದು. ಮಾಡಬೇಡಿ. ಅದು ವ್ಯಾಪಾರ ನಿಲ್ಲಿಸುವ ಮಾಲೀಕನ ಅರ್ಜಿ. ನೀವು ಮಾಲೀಕರಲ್ಲ. ಕೇಳಬೇಕಾದದ್ದು ಜಿಎಸ್‌ಟಿ ಕಾಯ್ದೆಯ 29(2)(ಇ) ಕಲಮಿನಡಿ ಅಧಿಕಾರಿಯೇ ಸ್ವತಃ ಮಾಡುವ ರದ್ದತಿಯನ್ನು. ವಂಚನೆಯಿಂದ ಪಡೆದ ನೋಂದಣಿಗೆಂದೇ ಇರುವ ಕಲಮು ಅದು, ಮತ್ತು ಹಿಂದಿನ ದಿನಾಂಕದಿಂದಲೇ ರದ್ದು ಮಾಡುವ ಅಧಿಕಾರ ಅದರಲ್ಲಿದೆ. ಪತ್ರದಲ್ಲಿ ‘ನೋಂದಣಿಯಾದ ದಿನದಿಂದಲೇ ರದ್ದು ಮಾಡಬೇಕು’ ಎಂದು ಸ್ಪಷ್ಟವಾಗಿ ಬರೆಯಿರಿ. ಇಂದಿನಿಂದ ರದ್ದಾದರೆ ಹಿಂದಿನ ವಹಿವಾಟು ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ಪತ್ರ ಶಿವಮೊಗ್ಗದ ತೆರಿಗೆ ಕಚೇರಿಗಲ್ಲ, ಪೋರ್ಟಲ್‌ನಲ್ಲಿ ಕಾಣುವ ದೆಹಲಿಯ ಅಧಿಕಾರಿಗೇ ಹೋಗಬೇಕು, ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಮೇಲ್‌ನಲ್ಲೂ ಕಳಿಸಿ. ಜಿಎಸ್‌ಟಿ ಪೋರ್ಟಲ್‌ನಲ್ಲೂ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ಪತ್ರದಲ್ಲಿ ಉದ್ದನೆಯ ಗೋಳು ಬೇಡ. ನಾನು ಇಂಥ ಊರಿನ ಕೃಷಿಕ, ಇಂಥ ಸಂಖ್ಯೆಯ ನೋಂದಣಿಗೆ ಅರ್ಜಿ ಹಾಕಿಲ್ಲ, ಆ ವಿಳಾಸದಲ್ಲಿ ಜಾಗ ಇಲ್ಲ, ಅಲ್ಲಿ ತೋರಿಸಿದ ಬ್ಯಾಂಕ್ ಖಾತೆ ನನ್ನದಲ್ಲ, ಇಂಥ ದಿನ ಇದು ನನಗೆ ಮೊದಲು ತಿಳಿಯಿತು. ಇಷ್ಟು ಸಾಕು. ನೋಟರಿ ಮಾಡಿಸಿದ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ, ಮತದಾರರ ಚೀಟಿಯ ನಕಲು ಜೊತೆಗಿರಲಿ.

ಇದರ ಜೊತೆಗೇ 10 ರೂಪಾಯಿಯ ಒಂದು ಕೆಲಸ ಮಾಡಿ. ಅದೇ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ: ನನ್ನ ಹೆಸರಿನ ಈ ನೋಂದಣಿಯ ಮೂಲ ಅರ್ಜಿ, ಅದಕ್ಕೆ ಲಗತ್ತಿಸಿದ ಫೋಟೊ, ಬಾಡಿಗೆ ಕರಾರು, ವಿದ್ಯುತ್ ಬಿಲ್, ಕೊಟ್ಟಿರುವ ಮೊಬೈಲ್ ಮತ್ತು ಇಮೇಲ್, ಬ್ಯಾಂಕ್ ಖಾತೆಯ ವಿವರ, ಸ್ಥಳ ಪರಿಶೀಲನೆ ನಡೆದಿದ್ದರೆ ಅದರ ವರದಿ. ಉತ್ತರಕ್ಕೆ 30 ದಿನದ ಗಡುವು. ಮೂರನೆಯವರ ಮಾಹಿತಿ ಎಂದು ನಿರಾಕರಿಸುವುದು ಅವರಿಗೆ ಕಷ್ಟ, ಏಕೆಂದರೆ ದಾಖಲೆಯ ಪ್ರಕಾರ ಆ ಅರ್ಜಿದಾರ ನೀವೇ. ಇಡೀ ಪ್ರಕರಣದಲ್ಲಿ ನಿಮ್ಮ ಪರವಾಗಿ ಅತಿ ಗಟ್ಟಿಯಾಗಿ ಮಾತಾಡುವ ಕಾಗದ ಬರುವುದು ಇಲ್ಲಿಂದ. ಫೋಟೊದಲ್ಲಿರುವುದು ಬೇರೆ ಮುಖ, ಸಹಿ ಬೇರೆ, ಮೊಬೈಲ್ ಸಂಖ್ಯೆ ಬೇರೆ ಎಂದು ತೋರಿಸಿದರೆ ಅಧಿಕಾರಿಗೂ ಆದೇಶ ಬರೆಯಲು ಆಧಾರ ಸಿಗುತ್ತದೆ.

ಪೊಲೀಸ್ ದೂರು ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ಕೊಡಿ. ‘ದೆಹಲಿಯಲ್ಲಿ ನಡೆದದ್ದು, ಅಲ್ಲಿಗೇ ಹೋಗಿ’ ಎಂದರೆ ಒಪ್ಪಬೇಕಾಗಿಲ್ಲ. ಕೃತ್ಯ ಎಲ್ಲೇ ನಡೆದಿರಲಿ, ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಲು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅವಕಾಶವಿದೆ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಕಲಮುಗಳ ವಿಚಾರದಲ್ಲಿ ಒಂದು ಎಚ್ಚರ: ಭಾರತೀಯ ನ್ಯಾಯ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು. ನಿಮ್ಮ ಹೆಸರಿನ ಸುಳ್ಳು ಜಿಎಸ್‌ಟಿ ನೋಂದಣಿ ಅದಕ್ಕೂ ಮೊದಲಿನದು, ಆದ್ದರಿಂದ ಹಳೆಯ ದಂಡ ಸಂಹಿತೆಯ 419, 420, 468, 471 ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಬರುತ್ತವೆ. ಗುರುತಿನ ಕಳವಿಗೆ 66ಸಿ ಅಡಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಇದೆ. 1930 ಸಹಾಯವಾಣಿ ಮುಖ್ಯವಾಗಿ ಖಾತೆಯಿಂದ ಹಣ ಹೋದ ಕೂಡಲೇ ತಡೆಯುವುದಕ್ಕೆ. ನಿಮಗೆ ಬೇಕಾದದ್ದು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನ ದೂರು ಮತ್ತು ಠಾಣೆಯ ಎಫ್‌ಐಆರ್. ಎಫ್‌ಐಆರ್ ತಡವಾದರೂ ಠಾಣೆಯ ಸ್ವೀಕೃತಿ ಅಥವಾ ಹಿಂಬರಹ ಇಲ್ಲದೆ ಬರಬೇಡಿ, ನೋಟಿಸಿನ ಉತ್ತರಕ್ಕೆ ಅದು ಬೇಕು.

ಒಂದು ಮಾತು ನೇರವಾಗಿ ಕೇಳಬೇಕು. ಆ ವರ್ಷ ಯಾರಿಗಾದರೂ ಒಟಿಪಿ ಹೇಳಿದ್ದಿರಾ? ‘ಸಾಲ ಮಾಡಿಸಿಕೊಡ್ತೇನೆ’, ‘ಸಬ್ಸಿಡಿ ಬರುತ್ತೆ’ ಎಂದು ಯಾರಾದರೂ ಕಾಗದ ಪಡೆದಿದ್ದರಾ? ಹಣ ಪಡೆದು ಖಾತೆ ತೆರೆಸಿಕೊಟ್ಟದ್ದುಂಟಾ? 2020ರ ಆಗಸ್ಟ್‌ನಿಂದ ಜಿಎಸ್‌ಟಿ ನೋಂದಣಿಗೆ ಆಧಾರ್ ದೃಢೀಕರಣ ಬಂದಿದೆ, ಹಾಗಾಗಿ ಅಧಿಕಾರಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನೆನಪಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮೋಸಹೋಗಿ ಒಟಿಪಿ ಕೊಟ್ಟವರು ವಂಚನೆಗೆ ಒಳಗಾದವರೇ. ‘ಕೊಟ್ಟಿಲ್ಲ’ ಎಂದು ಪ್ರಮಾಣ ಮಾಡಿ ಆಮೇಲೆ ಕೊಟ್ಟದ್ದು ಹೊರಬಂದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಹಣ ಪಡೆದಿದ್ದರೆ ಮಾತ್ರ ದೂರಿಗೆ ಮೊದಲು ವಕೀಲರನ್ನು ಕಾಣಿ.

ಈಗ 148ಎ ಉತ್ತರ. ಇದು ಇನ್ನೂ ತೆರಿಗೆ ಬೇಡಿಕೆಯಲ್ಲ. ಲೆಕ್ಕವನ್ನು ಮತ್ತೆ ತೆರೆಯಬಾರದು ಏಕೆ ಎಂದು ಕೇಳುವ ಹಂತ. ನೋಟಿಸಿನಲ್ಲಿರುವ ಕೊನೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಇ-ಫೈಲಿಂಗ್ ಪೋರ್ಟಲ್‌ನ ‘ಪೆಂಡಿಂಗ್ ಆಕ್ಷನ್ಸ್’, ಅದರಲ್ಲಿ ‘ಇ-ಪ್ರೊಸೀಡಿಂಗ್ಸ್’ ಮೂಲಕ ಉತ್ತರ ಹಾಕಬೇಕು. ಕಾಗದ ಸೇರಿಲ್ಲವಾದರೆ ಅಲ್ಲೇ ಕಾಲಾವಕಾಶ ಕೇಳಿ, ಆದರೆ ಸುಮ್ಮನೆ ಕೂರಬೇಡಿ.

ಉತ್ತರದಲ್ಲಿ ನಾಲ್ಕು ಸಂಗತಿ ಇರಲಿ. ವಹಿವಾಟು ನನ್ನದಲ್ಲ, ನೋಂದಣಿ ವಂಚನೆಯದು, ಅದಕ್ಕೆ ಕೊಟ್ಟ ದೂರುಗಳ ಸಂಖ್ಯೆ ಇವು. ನನ್ನ ವರಮಾನ ಅಡಿಕೆ ತೋಟದ್ದು, ಕೃಷಿ ಆದಾಯಕ್ಕೆ 10(1) ಕಲಮಿನಡಿ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ಹಾಕುವ ಪ್ರಮೇಯ ಬರಲಿಲ್ಲ. ನನ್ನ ಎಲ್ಲ ಖಾತೆಗಳ 2021ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರವರೆಗಿನ ವಿವರ ಇಲ್ಲಿದೆ, ಗುಜರಿ ವ್ಯಾಪಾರದ ಒಂದು ರೂಪಾಯಿಯೂ ಬಂದಿಲ್ಲ. ನೀವು ಆಧರಿಸಿದ ದಾಖಲೆಗಳ ಪ್ರತಿಯನ್ನು, ಮುಖ್ಯವಾಗಿ ಆ ಜಿಎಸ್‌ಟಿಗೆ ಜೋಡಿಸಿದ ಬ್ಯಾಂಕ್ ಖಾತೆಯ ವಿವರವನ್ನು ನನಗೆ ಕೊಡಿ.

‘ಎಲ್ಲ ಖಾತೆ’ ಎಂದರೆ ಎಲ್ಲವೂ. ಊರಿನ ಸಹಕಾರ ಸಂಘದ ಖಾತೆಯನ್ನು ನಮ್ಮ ಕಡೆ ಬ್ಯಾಂಕ್ ಖಾತೆಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ಬಿಟ್ಟು, ಆಮೇಲೆ ಅದು ಕಂಡುಬಂದರೆ ಮುಚ್ಚಿಟ್ಟಂತೆ ಕಾಣುತ್ತದೆ. ಸೊಸೈಟಿಯಿಂದಲೂ ಮೊಹರು ಹಾಕಿಸಿದ ಪ್ರತಿ ಪಡೆಯಿರಿ. ಆ ಸಾಲಿನ ಮಂಡಿ ಪಟ್ಟಿಗಳನ್ನು (ಅಡಿಕೆ ಮಾರಿದಾಗ ಮಂಡಿಯವರು ಕೊಟ್ಟ ಲೆಕ್ಕದ ಚೀಟಿ) ಹುಡುಕಿ ತೆಗೆದು, ಪಟ್ಟಿಯ ಮೊತ್ತಕ್ಕೂ ಖಾತೆಗೆ ಬಂದ ಹಣಕ್ಕೂ ತಾಳೆ ಮಾಡಿ ಒಂದು ಹಾಳೆ ಬರೆಯಿರಿ. ಪಟ್ಟಿ ಕಳೆದಿದ್ದರೆ ಮಂಡಿಯಲ್ಲಿ ಖಾತೆಯ ನಕಲು ಕೇಳಿ. ನೆಂಟರದ್ದೋ ಪಕ್ಕದವರದ್ದೋ ಅಡಿಕೆಯನ್ನು ನಿಮ್ಮ ಹೆಸರಿನಲ್ಲಿ ಪಟ್ಟಿ ಮಾಡಿಸಿದ್ದರೆ ತೊಂದರೆ ಬರುವುದು ಇಲ್ಲೇ. ಎಷ್ಟು ಗೊಬ್ಬರ ಹಾಕಿದರೂ ಎರಡೂವರೆ ಎಕರೆಯಲ್ಲಿ 100 ಕ್ವಿಂಟಲ್ ಒಣ ಅಡಿಕೆ ಬೆಳೆಯುವುದಿಲ್ಲವೆಂದು ಪಹಣಿ ನೋಡಿದ ಯಾರಿಗೂ ಗೊತ್ತಾಗುತ್ತದೆ. ಕೃಷಿಕ ತಾನು ಬೆಳೆದದ್ದನ್ನು ಮಾರಲು ಜಿಎಸ್‌ಟಿ ನೋಂದಣಿಯೇ ಬೇಡ ಎಂದು ಜಿಎಸ್‌ಟಿ ಕಾಯ್ದೆಯ 23ನೇ ಕಲಮು ಹೇಳುತ್ತದೆ. ನಿಮಗೆ ಆ ನೋಂದಣಿಯ ಅಗತ್ಯವೇ ಇರಲಿಲ್ಲ ಎಂಬುದಕ್ಕೆ ಇದನ್ನೂ ಬರೆಯಿರಿ.

ಉತ್ತರ ಕೊಡದಿದ್ದರೆ ಏನಾಗುತ್ತದೆ? ಅಧಿಕಾರಿ ತಮ್ಮ ಮುಂದಿರುವ ಕಾಗದದ ಮೇಲೆಯೇ ಆದೇಶ ಮಾಡುತ್ತಾರೆ. ಖಾತೆಗೆ ಬಂದ ಹಣಕ್ಕೆ ವಿವರಣೆ ಇಲ್ಲವೆಂದಾದರೆ ಶೇ 60 ತೆರಿಗೆ, ಅದರ ಮೇಲೆ ಸರ್‌ಚಾರ್ಜ್, ಸೆಸ್ ಸೇರಿ ಶೇ 78. ನಿಮ್ಮ ಉತ್ತರ ಕೊಟ್ಟ ಮೇಲೂ ಲೆಕ್ಕವನ್ನು ಮತ್ತೆ ತೆರೆಯುವ 148 ನೋಟಿಸ್ ಬರಬಹುದು, ಅದಕ್ಕೆ ಕುಗ್ಗಬೇಡಿ. ಆಗ ಅದರಲ್ಲಿ ಹೇಳಿದ ಗಡುವಿನೊಳಗೆ ರಿಟರ್ನ್ ಹಾಕಲೇಬೇಕು. ನಿಮ್ಮ ನಿಜವಾದ ಆದಾಯವನ್ನಷ್ಟೇ ತೋರಿಸಿ, ಕೃಷಿ ಆದಾಯವನ್ನು ಅದರ ಜಾಗದಲ್ಲಿ ಬರೆದು ಹಾಕಿ. ಗುಜರಿಯ ಅಂಕಿ ಯಾವ ಕಾಲಮ್ಮಿನಲ್ಲೂ ಬರಬಾರದು. ಈ ಹಂತ ಮುಟ್ಟಿದರೆ ಒಬ್ಬ ಆಡಿಟರ್ ಜೊತೆಗಿರಲಿ.

ಆದೇಶ ಆಗಲೇ ಬಂದು ಬೇಡಿಕೆ ಬಿದ್ದಿರುವವರೂ ಇದನ್ನು ಓದುತ್ತಿರಬಹುದು. ಆದೇಶ ಕೈಸೇರಿದ 30 ದಿನದೊಳಗೆ ಫಾರಂ 35ರಲ್ಲಿ ಮೇಲ್ಮನವಿ ಹಾಕಿ, ಶುಲ್ಕ ಹೆಚ್ಚೆಂದರೆ 1,000 ರೂಪಾಯಿ. ವಸೂಲಿಗೆ ತಡೆ ಕೇಳುವ ಅರ್ಜಿ ಬೇರೆಯೇ ಕೊಡಬೇಕು, ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಜಿಎಸ್‌ಟಿ ಆದೇಶಕ್ಕೆ ಮೂರು ತಿಂಗಳು, ಸಕಾರಣವಿದ್ದರೆ ಇನ್ನೊಂದು ತಿಂಗಳು. ಅಲ್ಲಿ ವಿವಾದಿತ ತೆರಿಗೆಯ ಶೇ 10ನ್ನು ಮೊದಲೇ ಕಟ್ಟಬೇಕು. ಕಟ್ಟುವ ಶಕ್ತಿ ಇಲ್ಲದವರು ಹೈಕೋರ್ಟಿನ ರಿಟ್ ಬಗ್ಗೆ ತಡಮಾಡದೆ ವಕೀಲರ ಜೊತೆ ಮಾತಾಡಬೇಕು.

ಇ-ಫೈಲಿಂಗ್ ಲಾಗಿನ್ ಕೈಯಲ್ಲಿರುವಾಗಲೇ ‘ಎಐಎಸ್’ ತೆರೆಯಿರಿ. ನಿಮ್ಮ ಪ್ಯಾನ್ ಮೇಲೆ ಬೇರೆಯವರು ಇಲಾಖೆಗೆ ಕೊಟ್ಟ ಮಾಹಿತಿಯ ಪಟ್ಟಿ ಅದು. 2020-21ರಿಂದ ಒಂದೊಂದು ವರ್ಷವನ್ನೂ ನೋಡಿ. ಜಿಎಸ್‌ಟಿ ವಹಿವಾಟು ಅಲ್ಲೇ ಕಾಣುತ್ತದೆ. ನೀವು ಕೇಳರಿಯದ ಬ್ಯಾಂಕಿನಿಂದ ಉಳಿತಾಯ ಖಾತೆಯ ಬಡ್ಡಿ ಬಂದಿದೆ ಎಂದಿದ್ದರೆ ಅಲ್ಲಿ ನಿಮ್ಮ ಹೆಸರಿನ ಖಾತೆ ಇದೆ ಎಂದರ್ಥ. ಆ ಬ್ಯಾಂಕಿಗೆ ಬರೆದು ಖಾತೆ ತಡೆಹಿಡಿಯಲು ಹೇಳಿ, ಖಾತೆ ತೆರೆಯುವಾಗ ಕೊಟ್ಟ ದಾಖಲೆಯ ಪ್ರತಿ ಕೇಳಿ. ಬಾಡಿಗೆ ಬಂದಿದೆ ಎಂದಿದ್ದರೆ ಯಾರೋ ನೌಕರ ತನ್ನ ಮನೆ ಮಾಲೀಕನೆಂದು ನಿಮ್ಮ ಪ್ಯಾನ್ ಬರೆದಿರಬಹುದು. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ವಿನಾಯಿತಿ ಪಡೆಯಲು ಮಾಲೀಕರ ಪ್ಯಾನ್ ಕೊಡಬೇಕು, ಅದಕ್ಕೇ ಈ ಕಳವು. ನಿಮ್ಮದಲ್ಲದ ಪ್ರತಿ ನಮೂದಿಗೂ ಅಲ್ಲೇ ಪ್ರತಿಕ್ರಿಯೆ ಒತ್ತಿ ‘ಮಾಹಿತಿ ನನ್ನದಲ್ಲ’ ಎಂದು ನಿರಾಕರಿಸಿ, ಸ್ವೀಕೃತಿ ಇಳಿಸಿಕೊಳ್ಳಿ. ನೋಟಿಸ್ ಬರುವ ಮೊದಲೇ ನಿರಾಕರಿಸಿದ ದಾಖಲೆಗೆ ಬೆಲೆ ಹೆಚ್ಚು. ನಿಮ್ಮ ಹೆಸರಿನಲ್ಲಿ ಸಾಲ ಎದ್ದಿದೆಯೋ ಎಂದು ತಿಳಿಯಲು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ನಾಲ್ಕರಿಂದಲೂ ವರ್ಷಕ್ಕೊಂದು ವರದಿ ಉಚಿತವಾಗಿ ಸಿಗುತ್ತದೆ.

ಹೊಸ ಪ್ಯಾನ್ ಮಾಡಿಸಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಎರಡು ಪ್ಯಾನ್ ಹೊಂದಿದರೆ 10,000 ರೂಪಾಯಿ ದಂಡ, ಮತ್ತು ಹಳೆಯದರ ಮೇಲಿನ ನೋಟಿಸ್ ಹಾಗೆಯೇ ಇರುತ್ತದೆ.

ಮಲೆನಾಡಿನಲ್ಲಿ ಈ ಕಳವಿಗೆ ದಾರಿ ಮಾಡಿಕೊಡುವ ಒಂದು ಅಭ್ಯಾಸದ ಬಗ್ಗೆ ನಮಗೆ ನಿಜವಾಗಿ ಕಳವಳವಿದೆ. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಒಟಿಪಿಗಾಗಿ ಗುಡ್ಡ ಹತ್ತಬೇಕು, ಅದಕ್ಕೆ ಅರ್ಜಿ ತುಂಬುವವರ ನಂಬರನ್ನೇ ಹಾಕಿಸಿಬಿಡುತ್ತೇವೆ. ಆ ನಂಬರ್ ಪ್ಯಾನ್‌ಗೂ ಬ್ಯಾಂಕಿಗೂ ಆಧಾರ್‌ಗೂ ಅಂಟಿಕೊಂಡು ಹೋಗುತ್ತದೆ. ಅವರು ಒಳ್ಳೆಯವರೇ ಇರಬಹುದು, ಆದರೆ ಆ ಸಿಮ್ ನಾಳೆ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ. ನಂಬರ್ ನಿಮ್ಮದೋ ಮಗನದೋ ಮಗಳದೋ ಇರಲಿ. ಆಧಾರ್‌ನ ಬಯೋಮೆಟ್ರಿಕ್ ಬೀಗ ಹಾಕಿ, ಬೇಕಾದಾಗ ಮಾತ್ರ ತೆರೆಯಿರಿ. ಆಧಾರ್ ಪ್ರಾಧಿಕಾರದ (ಯುಐಡಿಎಐ) ತಾಣದಲ್ಲಿ ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ನೋಡಬಹುದು. ಜೆರಾಕ್ಸ್ ಕೊಡುವಾಗ ಮೊದಲ ಎಂಟು ಅಂಕಿ ಮರೆಯಾದ ಆಧಾರ್ ಕೊಡಿ. ಪ್ಯಾನ್ ಪ್ರತಿಯ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅಕ್ಷರಗಳ ಮೇಲೇ ಹಾಯುವಂತೆ ಅಡ್ಡಲಾಗಿ ಬರೆದು ಸಹಿ ಹಾಕಿ. ಇ-ಫೈಲಿಂಗ್ ಖಾತೆಗೆ ‘ಇ-ಫೈಲಿಂಗ್ ವಾಲ್ಟ್’ ಹಾಕಿದರೆ ಪಾಸ್‌ವರ್ಡ್ ಗೊತ್ತಿದ್ದವರೂ ಆಧಾರ್ ಒಟಿಪಿ ಇಲ್ಲದೆ ಒಳಬರಲಾರರು.

ಗೃಹಲಕ್ಷ್ಮಿಯ ವಿಚಾರ. ಪತ್ನಿಯೋ ಪತಿಯೋ ಆದಾಯ ತೆರಿಗೆ ಕಟ್ಟುವವರು ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಆ ಯೋಜನೆಗೆ ಅನರ್ಹರು, ಆದ್ದರಿಂದ ಈ ಸುಳ್ಳು ನೋಂದಣಿ ತಿಂಗಳಿಗೆ 2,000 ರೂಪಾಯಿಯನ್ನೂ ಕಿತ್ತುಕೊಂಡಿದೆ. ರದ್ದತಿ ಆದೇಶ ಬರುವವರೆಗೆ ಕಾಯಬೇಡಿ. ಪೊಲೀಸ್ ಸ್ವೀಕೃತಿ, ಜಿಎಸ್‌ಟಿ ದೂರಿನ ಸಂಖ್ಯೆ, ಪೋರ್ಟಲ್‌ನ ಪ್ರಿಂಟ್ ಸೇರಿಸಿ ಹೊಸನಗರದ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ನಿಮ್ಮ ಪತ್ನಿಯ ಹೆಸರಿನಲ್ಲೇ ಈಗಲೇ ಒಂದು ಅರ್ಜಿ ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ರದ್ದತಿ ಆದೇಶ ಕೈಸೇರಿದ ದಿನ ಅದೇ ಅರ್ಜಿಯನ್ನು ಉಲ್ಲೇಖಿಸಿ ಆದೇಶದ ನಕಲು ಕೊಡಿ, ನಿಂತ ತಿಂಗಳುಗಳನ್ನು ಒಂದೊಂದಾಗಿ ಹೆಸರಿಸಿ ಆ ಕಂತುಗಳನ್ನೂ ಕೇಳಿ.